ಜಾಗಕ್ಕೂ ಒಂದು ಹೊತ್ತಿದೆ

ಮಕ್ಕಳೇ, ನೀವು ಕೊಟ್ಟುಹೋದ ಯೋಜನೆಯನ್ನು ನಿಧಾನವಾಗಿ ಕೂತು ಓದಿದೆ. ಬಡಾವಣೆಯ ಆಟದ ಮೈದಾನದಲ್ಲಿ ಮೂರು ದಿನಗಳ ಕಲಾ ಉತ್ಸವ. ಎತ್ತರದ ವೇದಿಕೆ, ಎಲ್‌ಇಡಿ ಪರದೆ, ಉದ್ಘಾಟನೆಗೆ ಶಾಸಕರು, ಕೊನೆಯ ರಾತ್ರಿಗೆ ಹೆಸರಾಂತ ಗಾಯಕರು. ಕೆಲಸ ಮುಗಿಸಿ ದಣಿದು ಬಂದಮೇಲೂ ಒಟ್ಟಿಗೆ ಕೂತು ಇಷ್ಟನ್ನು ಬರೆದಿದ್ದೀರಲ್ಲ, ಅದನ್ನು ನೋಡಿ ಮನಸ್ಸು ತುಂಬಿತು. ಆದರೆ ಮೊದಲ ಪುಟದಲ್ಲಿ ನೀವೇ ಒಂದು ಆಸೆ ಬರೆದುಕೊಂಡಿದ್ದೀರಿ: ಕಲೆ ನಮ್ಮ ಬೀದಿಯ ದಿನನಿತ್ಯದ ಬದುಕಿನೊಳಗೆ ಬರಬೇಕು ಎಂದು. ಆ ಆಸೆಗೂ ಈ ಉತ್ಸವಕ್ಕೂ ಹೊಂದಿಕೆಯಾಗುವುದಿಲ್ಲ. ಅದನ್ನು ಬಾಯಿಮಾತಿನಲ್ಲಿ ಹೇಳಿದರೆ ಬೇಡ ಅಂದಂತೆ ಕೇಳಿಸಬಹುದೆಂದು ಬರೆಯುತ್ತಿದ್ದೇನೆ.

ಉತ್ಸವ ಮುಗಿದ ಮರುದಿನ ಶಾಮಿಯಾನದವರು ಬಂದು ಕಂಬ ಕಿತ್ತುಕೊಂಡು ಹೋಗುತ್ತಾರೆ. ಮೈದಾನದಲ್ಲಿ ಗುಂಡಿಗಳು ಉಳಿಯುತ್ತವೆ, ಪ್ಲಾಸ್ಟಿಕ್ ಬಾಟಲಿಗಳು ಉಳಿಯುತ್ತವೆ. ಯಾರೋ ದೊಡ್ಡವರು ಬಂದು ಹಾಡಿದ್ದರು ಎಂಬ ನೆನಪೂ ಉಳಿಯುತ್ತದೆ, ಇಲ್ಲ ಅನ್ನುವುದಿಲ್ಲ. ಆದರೆ ಅದೇ ಮೈದಾನದಲ್ಲಿ ಮುಂದಿನ ಮಂಗಳವಾರ ಸಂಜೆ ಏನು ನಡೆಯುತ್ತದೆ? ನಿಮ್ಮ ಹಾಳೆಗಳಲ್ಲಿ ಅದಕ್ಕೆ ಉತ್ತರವಿಲ್ಲ. ನನಗೆ ಬೇಕಾಗಿರುವುದು ಆ ಮಂಗಳವಾರ.

ನಾನು ಹುಟ್ಟಿ ಬೆಳೆದದ್ದು ಕುಂದಾಪುರದ ಕಡೆ. ಟೀಚರಾಗಿ ಮೊದಲು ಸೇರಿದ್ದು ಪುತ್ತೂರಿನ ಹತ್ತಿರದ ಒಂದು ಶಾಲೆಗೆ. ಅಲ್ಲಿ ಕಂಡದ್ದನ್ನು ಹೇಳುತ್ತೇನೆ, ಕೇಳಿ. ಮೇ ತಿಂಗಳ ಕೊನೆಯಲ್ಲಿ ಪತ್ತನಾಜೆ ಬರುತ್ತದೆ, ವರ್ಷದ ತಿರುಗಾಟ ಮುಗಿಸಿ ಯಕ್ಷಗಾನ ಮೇಳಗಳು ಗೆಜ್ಜೆ ಬಿಚ್ಚುತ್ತವೆ. ಅಲ್ಲಿಂದ ಮುಂದೆ ಮಳೆ. ಬಯಲಾಟವಿಲ್ಲ, ಹೆಚ್ಚಿನ ಕಲಾವಿದರಿಗೆ ಸಂಪಾದನೆಯೂ ಇಲ್ಲ. ಆಗ ನಾಲ್ಕೈದು ಜನ ಸೇರಿ ಚಿಕ್ಕಮೇಳ ಕಟ್ಟಿಕೊಂಡು ಮನೆಮನೆಗೆ ಹೊರಡುತ್ತಾರೆ. ಭಾಗವತರೊಬ್ಬರು, ಮದ್ದಳೆಗೆ ಒಬ್ಬರು, ಶ್ರುತಿ ಹಿಡಿಯಲು ಒಬ್ಬರು, ಒಂದು ಸ್ತ್ರೀವೇಷ, ಒಂದು ಪುರುಷವೇಷ. ಇಷ್ಟೇ ಮೇಳ.

ಅವರು ಬರುವ ರೀತಿಯನ್ನು ಗಮನಿಸಿ. ಮೊದಲೇ ಮೇಳದ ಕಡೆಯವರೊಬ್ಬರು ಹಗಲಲ್ಲಿ ಮನೆಗೆ ಬಂದು, ಇಂಥ ದಿನ ಸಂಜೆ ಬರುತ್ತೇವೆ, ನಿಮಗೆ ಆಗಬಹುದೇ ಎಂದು ಕೇಳಿ ಹೋಗುತ್ತಾರೆ. ಸೂತಕವಿದೆ, ಕಾಯಿಲೆಯವರಿದ್ದಾರೆ, ಇಷ್ಟವಿಲ್ಲ, ಏನೇ ಹೇಳಿದರೂ ಸರಿಯೆಂದು ಮುಂದಿನ ಮನೆಗೆ ನಡೆಯುತ್ತಾರೆ. ಆಗಲಿ ಎಂದವರ ಮನೆಯಲ್ಲಿ ಆ ಸಂಜೆ ಚಾವಡಿ ಗುಡಿಸಿ, ದೀಪ ಹಚ್ಚಿ, ಅಕ್ಕಿ, ತೆಂಗಿನಕಾಯಿ, ವೀಳ್ಯದೆಲೆ, ಅಡಿಕೆ ಇಟ್ಟು ಕಾಯುತ್ತಾರೆ. ನಾನು ಬಾಡಿಗೆಗಿದ್ದ ಮನೆಗೂ ಹಾಗೇ ಬಂದಿದ್ದರು. ಜಡಿಮಳೆ. ಮದ್ದಳೆಯನ್ನು ಪ್ಲಾಸ್ಟಿಕ್ಕಿನಲ್ಲಿ ಸುತ್ತಿಕೊಂಡಿದ್ದರು. ಸ್ತ್ರೀವೇಷದವರು ಮೆಟ್ಟಿಲ ಮೇಲೆ ನಿಂತು ಸೀರೆಯ ನೆರಿಗೆ ಸ್ವಲ್ಪ ಎತ್ತಿ ಹಿಡಿದು, ಕೆಸರಾದ ಪಾದವನ್ನು ಗೋಣಿಚೀಲಕ್ಕೆ ಒರೆಸಿಕೊಂಡರು. ಬಗ್ಗಿ ಗೆಜ್ಜೆಯನ್ನು ಒಂದು ಸಲ ಒತ್ತಿ ನೋಡಿಕೊಂಡರು. ಆಮೇಲೇ ಒಳಗೆ ಬಂದರು. ಚಾವಡಿ ಎಂದರೆ ಹೆಸರಿಗೆ ಚಾವಡಿ, ನಾಲ್ಕು ಜನ ಕೂತರೆ ತುಂಬುವ ಕೋಣೆ. ಆ ಕೋಣೆಯಲ್ಲಿ ಅವರು ಕುಣಿದದ್ದನ್ನು ನಾನು ಮರೆಯಲಾರೆ. ಬಯಲಿನಲ್ಲಾದರೆ ಇಡೀ ರಂಗಸ್ಥಳ ಸುತ್ತಿ ಬರುವ ಹೆಜ್ಜೆಯನ್ನು ಒಂದು ಚಾಪೆಯಗಲಕ್ಕೆ ಇಳಿಸಿಕೊಂಡಿದ್ದರು. ಕೈ ಚಾಚಿದರೆ ಗೋಡೆಯ ಫೋಟೊಗಳಿಗೆ ತಾಗಬಹುದಿತ್ತು, ತಾಗಲಿಲ್ಲ. ಭಾಗವತರು ಸ್ವರವನ್ನೂ ಕೋಣೆಗೆ ತಕ್ಕಷ್ಟೇ ಏರಿಸಿದರು. ಒಳಕೋಣೆಯಲ್ಲಿ ಹಾಸಿಗೆ ಹಿಡಿದಿದ್ದ ಮನೆಯೊಡತಿಯ ಅತ್ತೆ ಮಲಗಿದಲ್ಲಿಂದಲೇ ಕೇಳುತ್ತಿದ್ದರು. ಬಾಗಿಲ ಪರದೆಯನ್ನು ಸರಿಸಿಡಿ ಎಂದು ಭಾಗವತರೇ ಹೇಳಿದ್ದರು. ಹತ್ತು ಹದಿನೈದು ನಿಮಿಷ. ಮಂಗಳ ಹಾಡಿ, ಕಾಣಿಕೆ ತೆಗೆದುಕೊಂಡು, ಪಕ್ಕದ ಮನೆಗೆ ಹೋದರು. ರಾತ್ರಿ ಹತ್ತರೊಳಗೆ ಆ ದಿನದ ತಿರುಗಾಟ ಮುಗಿಯುತ್ತದೆ. ಮುಂದಿನ ವರ್ಷ ಮಳೆಗಾಲಕ್ಕೆ ಮತ್ತೆ ಬರುತ್ತಾರೆ.

ನಮ್ಮ ಕುಂದಾಪುರದ ಕಡೆ ನವರಾತ್ರಿಯಲ್ಲಿ ಹೂವಿನಕೋಲು ಬರುತ್ತಿತ್ತು. ಹೂವು ಸುತ್ತಿದ ಕೋಲು ಹಿಡಿದ ಹುಡುಗರು ಎದುರುಬದುರು ಕೂತು ಯಕ್ಷಗಾನದ ಅರ್ಥ ಹೇಳುತ್ತಿದ್ದರು; ವೇಷವಿಲ್ಲ, ಕುಣಿತವಿಲ್ಲ. ನಾನು ಹುಡುಗಿ, ಒಳಬಾಗಿಲಿಗೆ ಆತುಕೊಂಡು ನಿಂತು ಕೇಳಿದ್ದು. ನನ್ನದೇ ತರಗತಿಯ ಹುಡುಗ ಅರ್ಜುನನಾಗಿ ಮಾತಾಡುತ್ತಿದ್ದಾನೆ, ನಮ್ಮ ಜಗಲಿಯ ಮೇಲೆ ಕೂತು ಮಾತಾಡುತ್ತಿದ್ದಾನೆ ಎನ್ನುವುದೇ ಮೈ ನವಿರೇಳಿಸುತ್ತಿತ್ತು. ಅವನಿಗೆ ಬಂದರೆ ನನಗೂ ಬಂದೀತು ಅನ್ನಿಸಿದ್ದು ಆಗಲೇ.

ಇದನ್ನೆಲ್ಲ ಹಳೆಯ ಕಾಲ ಚೆನ್ನಾಗಿತ್ತು ಎಂದು ಹೊಗಳಲು ಹೇಳುತ್ತಿಲ್ಲ. ಚಿಕ್ಕಮೇಳ ಈಗಲೂ ನಡೆಯುತ್ತಿದೆ. ಅದರಿಂದ ನೀವು ಕಲಿಯಬೇಕಾದದ್ದು ನಡವಳಿಕೆ. ಮೊದಲು ಕೇಳುತ್ತಾರೆ. ಜಾಗದ ಅಳತೆಗೆ ಆಟವನ್ನು ಇಳಿಸುತ್ತಾರೆ. ಜಾಗಕ್ಕೆ ಒಪ್ಪುವ ಹೊತ್ತಿಗೆ ಬಂದು, ಆ ಹೊತ್ತು ಮೀರುವ ಮೊದಲೇ ಏಳುತ್ತಾರೆ. ಮತ್ತೆ ಬರುತ್ತಾರೆ. ಬೀದಿಗೆ ಕಲೆಯನ್ನು ತರಬೇಕೆನ್ನುವವರು ತಮ್ಮನ್ನು ಆತಿಥೇಯರು ಎಂದುಕೊಳ್ಳುತ್ತಾರೆ, ಜನರನ್ನು ಅತಿಥಿಗಳೆಂದುಕೊಳ್ಳುತ್ತಾರೆ. ಅದು ತಿರುವುಮುರುವು. ಬೀದಿ ಜನರದ್ದು; ಅತಿಥಿಗಳು ನೀವು.

ಹಾಗಾಗಿ ಮೊದಲ ಒಂದು ವಾರ ಏನನ್ನೂ ಆಡಬೇಡಿ, ಹಾಡಬೇಡಿ. ಒಂದು ನೋಟ್‌ಬುಕ್ ಹಿಡಿದು ಬಡಾವಣೆಯಲ್ಲಿ ಸುತ್ತಾಡಿ. ಯಾವ ಜಾಗದಲ್ಲಿ ಯಾವ ಹೊತ್ತಿಗೆ ಯಾರಿರುತ್ತಾರೆ ಬರೆದುಕೊಳ್ಳಿ. ಪಾರ್ಕನ್ನೇ ತೆಗೆದುಕೊಳ್ಳಿ. ಬೆಳಗಿನ ಆರಕ್ಕೆ ವಾಕಿಂಗ್‌ನವರು, ನಗೆಕೂಟದವರು. ಹತ್ತರ ಮೇಲೆ ಗೇಟಿಗೆ ಬೀಗ. ಸಂಜೆ ನಾಲ್ಕಕ್ಕೆ ತೆರೆದರೆ ಮೊದಲು ಬರುವವರು ಮೊಮ್ಮಕ್ಕಳನ್ನು ಕರೆತರುವ ಅಜ್ಜಿಯರು, ಹಿಂದೆಯೇ ಶಾಲೆ ಬಿಟ್ಟ ಮಕ್ಕಳು. ಏಳಕ್ಕೆ ಲೈಟು ಹತ್ತುತ್ತಿದ್ದಂತೆ ಹೆಂಗಸರು ಒಬ್ಬೊಬ್ಬರಾಗಿ ಏಳುತ್ತಾರೆ, ಮನೆಯಲ್ಲಿ ಅಡುಗೆಯಾಗಬೇಕು. ಎಂಟಕ್ಕೆ ಅಲ್ಲಿ ಬರೀ ಗಂಡಸರು. ನೀವು ಏಳೂವರೆಗೆ ನಾಟಕವಿಟ್ಟು, ಹೆಂಗಸರು ಯಾಕೋ ಬರಲಿಲ್ಲ ಎಂದರೆ ತಪ್ಪು ಹೆಂಗಸರದಲ್ಲ. ನಾಟಕಕ್ಕೆ ಎಲ್ಲರನ್ನೂ ಕರೆದೆವು ಎಂದು ಭಿತ್ತಿಪತ್ರ ತೋರಿಸುತ್ತೀರಿ, ಗಡಿಯಾರ ಕರೆಯಲಿಲ್ಲವಲ್ಲ.

ಪಾರ್ಕು ಎಲ್ಲರ ಕಣ್ಣಿಗೂ ಬೀಳುತ್ತದೆ. ಕಣ್ಣಿಗೆ ಬೀಳದ ಜಾಗಗಳಲ್ಲೇ ಹೆಚ್ಚು ಕೆಲಸವಾಗುತ್ತದೆ ಎಂದು ನನ್ನ ಅನುಭವ. ಶುದ್ಧ ನೀರಿನ ಘಟಕದ ಮುಂದೆ ಸಂಜೆ ಸಾಲು ನಿಲ್ಲುತ್ತದೆ. ಬಾವಿಕಟ್ಟೆ ಹೋದಮೇಲೆ ನಮ್ಮ ಹೆಂಗಸರಿಗೆ, ಮಕ್ಕಳಿಗೆ ಉಳಿದಿರುವ ನೀರಿನ ಕಟ್ಟೆ ಅದು. ಒಂದು 20 ಲೀಟರಿನ ಕ್ಯಾನು ತುಂಬಬೇಕು, ಮುಂದಿನವರು ನಾಣ್ಯ ಹಾಕಬೇಕು. ಅಷ್ಟು ಹೊತ್ತು ನಿಂತೇ ಇರಬೇಕು. ಅಲ್ಲಿ ಪ್ರತಿ ಶನಿವಾರ ಒಬ್ಬರು ನಿಂತು ಒಂದು ಜನಪದ ಕಥೆಯನ್ನು ಕಂತುಕಂತಾಗಿ ಹೇಳಿ ನೋಡಿ. ಮೈಕು ಬೇಡ, ವೇಷ ಬೇಡ. ರಾಜಕುಮಾರಿಯನ್ನು ರಾಕ್ಷಸ ಎಲ್ಲಿ ಬಚ್ಚಿಟ್ಟ ಎನ್ನುವಲ್ಲಿಗೆ ನಿಲ್ಲಿಸಿ ಮನೆಗೆ ಹೋಗಿ. ಮುಂದಿನ ಶನಿವಾರ ಕ್ಯಾನು ತುಂಬಿರುವ ಮನೆಯಿಂದಲೂ ಒಂದು ಮಗು ಖಾಲಿ ಕ್ಯಾನು ಹಿಡಿದು ಬರುತ್ತದೆ. ನ್ಯಾಯಬೆಲೆ ಅಂಗಡಿಯ ಸಾಲು ಇದೆ, ಸರ್ಕಾರಿ ಆಸ್ಪತ್ರೆಯಲ್ಲಿ ರೋಗಿಗಳ ಕಡೆಯವರು ಕಾಯುವ ಕಟ್ಟೆ ಇದೆ. ಆಸ್ಪತ್ರೆಗೆ ಮಾತ್ರ ಅಲ್ಲಿಯವರನ್ನು ಕೇಳದೆ ಕಾಲಿಡಬೇಡಿ. ಅಲ್ಲಿ ಹಾಡುವುದಕ್ಕಿಂತ ಚಿಕ್ಕ ಮಕ್ಕಳ ಕೈಗೆ ಹಾಳೆ, ಬಣ್ಣ ಕೊಟ್ಟು ಪಕ್ಕದಲ್ಲಿ ಸುಮ್ಮನೆ ಕೂರುವುದು ಮೇಲು.

ಬೆಳಗಿನ ಹೊತ್ತೊಂದಿದೆ, ಅದನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ಪೌರಕಾರ್ಮಿಕರು ಹಾಜರಿ ಹಾಕಲು ಸೇರುವ ಮೂಲೆ ನಮ್ಮ ವಾರ್ಡಿನಲ್ಲೂ ಇದೆ. ಹಲವರ ಮನೆಮಾತು ತೆಲುಗು. ನಮ್ಮ ಎಲ್ಲ ಉತ್ಸವಗಳಲ್ಲೂ ಅವರಿಗೆ ಕೊಟ್ಟಿರುವ ಪಾತ್ರ ಮರುದಿನ ಗುಡಿಸುವುದು ಒಂದೇ. ಅವರ ಹೊತ್ತಿಗೆ ಹೋಗಿ. ಕೆಲಸ ಮುಗಿಸಿ ಟೀ ಕುಡಿಯಲು ಕೂರುವಾಗ ಹೋಗಿ, ನಿಮಗೆ ಬರುವುದನ್ನು ಹಾಡಿ, ಅವರಿಗೆ ಬರುವುದನ್ನು ಕೇಳಿ.

ಇಲ್ಲೇ ನಿಮ್ಮ ಯೋಜನೆಯ ಇನ್ನೊಂದು ಸಾಲಿಗೆ ಬರುತ್ತೇನೆ. ಜನರಲ್ಲಿ ಕಲೆಯ ಅರಿವು ಮೂಡಿಸುವುದು ಎಂದು ಬರೆದಿದ್ದೀರಿ. ಆ ಸಾಲನ್ನು ಹೊಡೆದುಹಾಕಿ, ಮಕ್ಕಳೇ. ನಮ್ಮ ಮನೆಯ ಹಿಂದಿನ ರಸ್ತೆಯಲ್ಲಿ ಅಪಾರ್ಟ್‌ಮೆಂಟ್ ಕಟ್ಟುತ್ತಿದ್ದಾಗ ವಾಚ್‌ಮನ್ ಒಬ್ಬರು ಹೆಂಡತಿ ಮಕ್ಕಳ ಜತೆ ಅಲ್ಲೇ ತಗಡಿನ ಶೆಡ್ಡಿನಲ್ಲಿದ್ದರು. ಯಾದಗಿರಿ ಕಡೆಯವರು. ಮೊಹರಂ ಹತ್ತಿರವಾಗಿದ್ದ ಒಂದು ರಾತ್ರಿ ಇಟ್ಟಿಗೆ ರಾಶಿಯ ಮೇಲೆ ಕೂತು ರಿವಾಯತ್ ಪದ ಹಾಡಿಕೊಳ್ಳುತ್ತಿದ್ದರು. ಊರಿಗೆ ಹೋಗಲು ರಜೆ ಸಿಕ್ಕಿರಲಿಲ್ಲ. ಕರ್ಬಲಾದ ಕಥೆಯನ್ನು ಆ ಕನ್ನಡದಲ್ಲಿ, ಆ ಧಾಟಿಯಲ್ಲಿ ನಾನು ಮೊದಲ ಸಲ ಕೇಳಿದ್ದು. ಅವರು ಮುಸಲ್ಮಾನರಲ್ಲ, ಅಲ್ಲಿ ಹಲವು ಹಳ್ಳಿಗಳಲ್ಲಿ ಮೊಹರಂನಲ್ಲಿ ಅಲಾವಿ ಕುಣಿಯುವವರು, ಪದ ಹಾಡುವವರು ಎಲ್ಲ ಜಾತಿಯವರೂ ಇರುತ್ತಾರಂತೆ. ಆ ಹಾಡುಗಾರ ನಮ್ಮ ರಸ್ತೆಯಲ್ಲಿ ತಿಂಗಳುಗಟ್ಟಲೆ ಇದ್ದರು. ರಸ್ತೆಯವರಿಗೆಲ್ಲ ಅವರು ಗೇಟು ತೆಗೆಯುವವರು ಮಾತ್ರ. ಕಟ್ಟಡ ಕೆಲಸಕ್ಕೆ ಬಂದವರಲ್ಲಿ ಗೀಗೀ ಪದ ಬಲ್ಲವರಿದ್ದಾರೆ, ಡೊಳ್ಳಿನ ಹಾಡು ಬಲ್ಲವರಿದ್ದಾರೆ, ಊರಿನ ದೊಡ್ಡಾಟದಲ್ಲಿ ಬಣ್ಣ ಹಚ್ಚಿದವರಿದ್ದಾರೆ. ನಿಮ್ಮ ಕೆಲಸ ಹೊರಗಿನಿಂದ ಕಲೆಯನ್ನು ಹೊತ್ತು ತರುವುದಕ್ಕಿಂತ ಮೊದಲು, ನಮ್ಮ ಬೀದಿಯಲ್ಲಿ ಯಾರ ಗಂಟಲಲ್ಲಿ ಏನಿದೆ ಎಂದು ತಿಳಿಯುವುದು. ತಿಳಿದಮೇಲೆ ಒತ್ತಾಯ ಮಾಡಬೇಡಿ. ಅವರು ಅವರ ಶೆಡ್ಡಿನ ಮುಂದೆ ಹಾಡುತ್ತೇನೆ, ಪಾರ್ಕಿಗೆ ಬರುವುದಿಲ್ಲ ಎಂದರೆ ನೀವು ಶೆಡ್ಡಿನ ಮುಂದೆ ಹೋಗಿ ಕೂರಿ.

ಪಾರ್ಕಿಗೆ ಯಾಕೆ ಬರುವುದಿಲ್ಲ ಎನ್ನುವುದನ್ನೂ ಯೋಚಿಸಿ. ಅರಳಿಕಟ್ಟೆ ಎಲ್ಲರದ್ದು ಎಂದು ನಮ್ಮ ಪುಸ್ತಕಗಳು ಬಹಳ ಸಲ ಹೇಳಿವೆ. ಎಲ್ಲರೂ ಅಲ್ಲಿ ಕೂತಿರಲಿಲ್ಲ. ಕೆಲವರು ಕೆಳಗೆ ನಿಂತರು, ಕೆಲವರು ಆ ದಾರಿಯನ್ನೇ ಬಿಟ್ಟು ನಡೆದರು. ಪಟ್ಟಣಕ್ಕೆ ಬಂದಮೇಲೆ ಕಟ್ಟೆಗೆ ಗ್ರಿಲ್ಲು ಬಂತು, ಅಷ್ಟೇ ವ್ಯತ್ಯಾಸ. ದೇವಸ್ಥಾನದ ಅಂಗಳದಲ್ಲಿ ಕಾರ್ಯಕ್ರಮ ಮಾಡಿ, ಎಲ್ಲರಿಗೂ ಸ್ವಾಗತ ಎಂದು ಬೋರ್ಡು ಹಾಕಿದರೆ ಸಾಲದು. ಯಾರು ಆ ಬಾಗಿಲ ತನಕ ಬಂದು ತಿರುಗಿ ಹೋಗುತ್ತಾರೆ ನೋಡಿ. ಹಾಗೆ ತಿರುಗಿ ಹೋಗುವವರು ಇದ್ದರೆ ಆ ಅಂಗಳ ಬಿಟ್ಟು ರಸ್ತೆಗೆ ಬನ್ನಿ. ಇದರಲ್ಲಿ ದಾಕ್ಷಿಣ್ಯ ಬೇಡ.

ರಸ್ತೆಗೆ ಬಂದವರ ದೊಡ್ಡ ಪರಂಪರೆಯೇ ನಿಮ್ಮ ಹಿಂದಿದೆ, ಅದನ್ನು ತಿಳಿದುಕೊಂಡಿರಿ. ಕೋಲ್ಕತ್ತದ ನಾಟಕಕಾರ ಬಾದಲ್ ಸರ್ಕಾರ್ ವೃತ್ತಿಯಿಂದ ನಗರ ಯೋಜಕರಾಗಿದ್ದವರು. ಊರನ್ನು ನಕ್ಷೆಯ ಮೇಲೆ ಬಲ್ಲವರು ರಂಗಮಂದಿರವನ್ನೇ ಬಿಟ್ಟು ಹೊರಬಂದು, ದೀಪ, ಪರದೆ, ಟಿಕೆಟ್ ಯಾವುದೂ ಇಲ್ಲದ ನಾಟಕವನ್ನು ಪಾರ್ಕುಗಳಲ್ಲಿ, ಹಳ್ಳಿಗಳಲ್ಲಿ ಆಡಿದರು. ನಮ್ಮಲ್ಲಿ 1975ರಲ್ಲಿ ಹುಟ್ಟಿದ ‘ಸಮುದಾಯ’ ರಂಗಸಂಘಟನೆ 1979ರಲ್ಲಿ ಜಾಥಾ ಹೊರಟಿತು. ಬಿಹಾರದ ಬೆಲ್ಚಿಯಲ್ಲಿ 1977ರಲ್ಲಿ ದಲಿತರನ್ನು ಸುಟ್ಟು ಕೊಂದದ್ದನ್ನು ಕರ್ನಾಟಕದ ಬೀದಿಗಳಲ್ಲಿ ನಿಂತು ಹೇಳಿದ ನಾಟಕ ಆಗಿನದು. ಹೆಗ್ಗೋಡಿನಲ್ಲಿ 1949ರಲ್ಲಿ ಶುರುವಾದ ನೀನಾಸಮ್ 1985ರಿಂದ ತಿರುಗಾಟ ನಡೆಸುತ್ತಾ ಬಂದಿದೆ. ಅದನ್ನು ಕಟ್ಟಿ ಬೆಳೆಸಿದ ಕೆ.ವಿ. ಸುಬ್ಬಣ್ಣನವರಿಗೆ 1991ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಬಂತು. ಆ ಪ್ರಶಸ್ತಿಗಿಂತಲೂ ನನಗೆ ಮುಖ್ಯವೆನಿಸುವುದು, ತಿರುಗಾಟದ ನಾಟಕ ಒಂದು ಊರಿಗೆ ಬಂದರೆ ಆ ಊರಿನವರು ಅದನ್ನು ವಹಿಸಿಕೊಳ್ಳುತ್ತಾರೆ ಎಂಬುದು. ಊಟ, ಮಲಗುವ ಜಾಗ, ಕುರ್ಚಿ ಎತ್ತಿಡುವುದು, ಎಲ್ಲ ಅಲ್ಲಿಯವರದೇ.

ಬೀದಿನಾಟಕದ ಸಫ್ದರ್ ಹಾಶ್ಮಿ ಹೆಸರು ಕೇಳಿರುತ್ತೀರಿ. 1989ರ ಜನವರಿ 1ರಂದು ದೆಹಲಿಯ ಪಕ್ಕದ ಸಾಹಿಬಾಬಾದ್‌ನಲ್ಲಿ, ಝಂಡಾಪುರ ಎಂಬ ಕಾರ್ಮಿಕರ ವಸತಿಯಲ್ಲಿ, ‘ಹಲ್ಲಾ ಬೋಲ್’ ನಾಟಕ ಆಡುತ್ತಿದ್ದಾಗ ಅವರ ತಂಡದ ಮೇಲೆ ದಾಳಿಯಾಯಿತು. ರಾಮ್ ಬಹದ್ದೂರ್ ಎಂಬ ಕಾರ್ಮಿಕ ಅಲ್ಲಿಯೇ ಸತ್ತರು, ಸಫ್ದರ್ ಮರುದಿನ ತೀರಿಕೊಂಡರು. ವಯಸ್ಸು 34. ಜನವರಿ 4ರಂದು ಅವರ ಹೆಂಡತಿ ಮಲಯಶ್ರೀ ಮತ್ತು ಅವರ ತಂಡವಾದ ಜನ ನಾಟ್ಯ ಮಂಚ್‌ನ ಗೆಳೆಯರು ಅದೇ ಜಾಗಕ್ಕೆ ಹೋಗಿ, ಅರ್ಧಕ್ಕೆ ನಿಂತಿದ್ದ ನಾಟಕವನ್ನು ಆಡಿ ಮುಗಿಸಿದರು. ಅದಾದಮೇಲೂ ಜನವರಿ ಒಂದಕ್ಕೆ ಅಲ್ಲಿಗೆ ಹೋಗುವುದನ್ನು ತಂಡ ಬಿಡಲಿಲ್ಲ. ಇದನ್ನು ನಿಮ್ಮನ್ನು ಹೆದರಿಸಲು ಹೇಳುತ್ತಿಲ್ಲ. ಆ ಹೆಣ್ಣುಮಗಳು ಗಂಡನನ್ನು ಕಳೆದುಕೊಂಡ ಎರಡೇ ದಿನಕ್ಕೆ ಅಲ್ಲಿಗೆ ಹೋದದ್ದು ಯಾಕೆ ಎಂದು ನಾನು ಬಹಳ ಯೋಚಿಸಿದ್ದೇನೆ. ನಾಟಕ ನೋಡುತ್ತಿದ್ದವರು ಅಲ್ಲಿಯೇ ಇದ್ದರಲ್ಲ, ಅವರು ಎಲ್ಲಿಗೂ ಹೋಗುವಂತಿರಲಿಲ್ಲವಲ್ಲ, ಅದಕ್ಕೇ ಇರಬೇಕು. ಬೀದಿಯಲ್ಲಿ ಆಡುವವರು ಬೀದಿಗೆ ಮಾತು ಕೊಟ್ಟಂತೆ. ಒಂದು ಕಾರ್ಯಕ್ರಮ ಮಾಡಿ, ಫೋಟೊ ತೆಗೆದು ಮಾಯವಾಗುವುದಾದರೆ ಹೋಗಲೇಬೇಡಿ.

ನಿಮ್ಮಲ್ಲಿ ಚಿತ್ರ ಬರೆಯುವವರಿಗೆ ರಸ್ತೆ, ಗೋಡೆಗಳ ವಿಷಯ ಸ್ವಲ್ಪ ಹೇಳಬೇಕು. ಕಲಾವಿದ ಬಾದಲ್ ನಂಜುಂಡಸ್ವಾಮಿಯವರು 2015ರಲ್ಲಿ ಬೆಂಗಳೂರಿನ ಸುಲ್ತಾನ್‌ಪಾಳ್ಯದಲ್ಲಿ ನೀರು ತುಂಬಿದ ರಸ್ತೆಗುಂಡಿಯನ್ನು ಕೊಳ ಮಾಡಿ ಮೊಸಳೆಯ ಪ್ರತಿಕೃತಿಯನ್ನು ಬಿಟ್ಟರು. 2019ರಲ್ಲಿ ಗುಂಡಿಬಿದ್ದ ಇನ್ನೊಂದು ರಸ್ತೆಯ ಮೇಲೆ ಗಗನಯಾತ್ರಿಯ ವೇಷದವರನ್ನು ನಡೆಸಿ ಚಂದ್ರನ ನೆಲದಂತೆ ತೋರಿಸಿದರು. ಎರಡೂ ಕಡೆ ರಿಪೇರಿ ಬೇಗನೆ ಆಯಿತು. ಗುಂಡಿಯ ಸುತ್ತ ಬಳಸಿಕೊಂಡು ಹೋಗಿ ಹೋಗಿ ಅದನ್ನು ನೋಡುವುದನ್ನೇ ಬಿಟ್ಟಿದ್ದ ಜನ ನಿಂತು ನೋಡಿದರು ಎಂಬುದು ಅದಕ್ಕಿಂತ ದೊಡ್ಡದು. 2016ರಲ್ಲಿ ಬೆಂಗಳೂರಿನಲ್ಲಿ ಶುರುವಾದ ಅರವಾನಿ ಆರ್ಟ್ ಪ್ರಾಜೆಕ್ಟ್‌ನಲ್ಲಿ ಲಿಂಗತ್ವ ಅಲ್ಪಸಂಖ್ಯಾತ ಹೆಣ್ಣುಮಕ್ಕಳು ಊರಿನ ದೊಡ್ಡ ದೊಡ್ಡ ಗೋಡೆಗಳಿಗೆ ಬಣ್ಣ ಹಚ್ಚಿದರು. ಸಿಗ್ನಲ್ಲಿನಲ್ಲಿ ಕಂಡರೆ ಕಾರಿನ ಗಾಜು ಏರಿಸುವವರು ಅದೇ ರಸ್ತೆಯಲ್ಲಿ ಅವರು ಏಣಿಯ ಮೇಲೆ ನಿಂತು ಕೆಲಸ ಮಾಡುವುದನ್ನು ದಿನಗಟ್ಟಲೆ ನೋಡಬೇಕಾಯಿತು. ಚಿತ್ರ ಮುಗಿದಮೇಲೆ ಗೋಡೆಯಲ್ಲಿ ಉಳಿಯುವುದಕ್ಕಿಂತ, ಬರೆಯುವ ಆ ದಿನಗಳಲ್ಲಿ ರಸ್ತೆಯಲ್ಲಿ ನಡೆಯುವುದು ಹೆಚ್ಚಿನದು. ಆದ್ದರಿಂದ ರಾತ್ರೋರಾತ್ರಿ ಬರೆದು ಮುಗಿಸಬೇಡಿ, ಹಗಲಿನಲ್ಲಿ ನಿಧಾನವಾಗಿ ಬರೆಯಿರಿ. ಗೋಡೆ ಯಾರದ್ದೋ ಅವರನ್ನು ಕೇಳಿ. ಎದುರು ಮನೆಯವರನ್ನೂ ಕೇಳಿ, ಯಾಕೆಂದರೆ ದಿನಾ ನೋಡುವವರು ಅವರು. ಮೂತ್ರ ಮಾಡುವವರನ್ನು ತಡೆಯಲೆಂದು ದೇವರ ಚಿತ್ರ ಬರೆದುಕೊಡಿ ಎಂದು ಯಾರಾದರೂ ಕೇಳಿಯೇ ಕೇಳುತ್ತಾರೆ. ಒಪ್ಪಬೇಡಿ. ಅಲ್ಲಿ ಬೇಕಾಗಿರುವುದು ಶೌಚಾಲಯ, ಅದನ್ನು ಪಾಲಿಕೆಗೆ ಎಲ್ಲರೂ ಸೇರಿ ಬರೆದುಕೊಡೋಣ, ನಾನೂ ಸಹಿ ಹಾಕುತ್ತೇನೆ.

ಇನ್ನು ಸದ್ದು. ಶಬ್ದಮಾಲಿನ್ಯದ ನಿಯಮಗಳು 2000ದಿಂದ ಇವೆ. ರಾತ್ರಿ 10ರಿಂದ ಬೆಳಗಿನ 6ರವರೆಗೆ ಧ್ವನಿವರ್ಧಕ ಇಲ್ಲ. ವಸತಿ ಪ್ರದೇಶದಲ್ಲಿ ಹಗಲು 55, ರಾತ್ರಿ 45 ಡೆಸಿಬಲ್ ಮಿತಿ. ಸಾಮಾನ್ಯ ಮಾತುಕತೆಯೇ ಇದಕ್ಕೆ ಹತ್ತಿರವಾಗುತ್ತದೆ, ಅಂದಮೇಲೆ ಆ ದೊಡ್ಡ ಸ್ಪೀಕರ್ ಪೆಟ್ಟಿಗೆಗಳಿಗೆ ನಮ್ಮ ಬೀದಿಯಲ್ಲಿ ಜಾಗವೇ ಇಲ್ಲ. ಮೈಕಿಲ್ಲದೆ ಹಾಡಲು ಕಲಿಯಿರಿ. ಎಲ್ಲರೂ ಹತ್ತಿರ ಬಂದು ಕೂರುವಂತಾಗುವುದು ಮೈಕಿಲ್ಲದಾಗಲೇ. ಪರೀಕ್ಷೆಯ ತಿಂಗಳಲ್ಲಿ ಸಂಜೆ ಕಾರ್ಯಕ್ರಮ ಇಡಬೇಡಿ. ಬೀದಿಯಲ್ಲಿ ಸಾವಾದರೆ ಯಾರೂ ಹೇಳುವ ಮೊದಲೇ ನಿಲ್ಲಿಸಿ. ನಿಲ್ಲಿಸಿದ್ದನ್ನು ಜನ ಬಹಳ ವರ್ಷ ನೆನಪಿಟ್ಟುಕೊಳ್ಳುತ್ತಾರೆ.

ಸುದ್ದಿ ಮುಟ್ಟಿಸಲು ವಾಟ್ಸ್‌ಆ್ಯಪ್ ಗುಂಪು ಸಾಕು ಎಂದುಕೊಳ್ಳಬೇಡಿ. ಹೊಂಗೆ ಮರದ ಕೆಳಗೆ ಇಸ್ತ್ರಿ ಗಾಡಿ ಇಟ್ಟಿರುವವರಿಗೆ ಮೊದಲು ಹೇಳಿ. ಪ್ರತಿ ಮನೆಯ ಬಟ್ಟೆ ಅವರ ಕೈ ಹಾದು ಹೋಗುತ್ತದೆ, ಪ್ರತಿ ಮನೆಯ ಬಾಗಿಲಿಗೆ ಅವರ ಮಗ ಹೋಗುತ್ತಾನೆ. ಆಮೇಲೆ ನಂದಿನಿ ಬೂತ್‌ನವರಿಗೆ, ಅಂಗನವಾಡಿ ಟೀಚರಿಗೆ, ಹೂ ಮಾರುವ ಅಜ್ಜಿಗೆ. ವಾರ್ಡಿನ ಮುಖಂಡರಿಗೂ ತಿಳಿಸಿ, ಪೊಲೀಸ್ ಠಾಣೆಗೂ ಬರೆದುಕೊಡಿ, ಆದರೆ ಯಾವ ಪಕ್ಷದವರ ಫ್ಲೆಕ್ಸೂ ಬೇಡ. ಒಂದು ಫ್ಲೆಕ್ಸಿಗೆ ಕಂಬ ಕೊಟ್ಟರೆ ಇನ್ನೊಂದು ಕಡೆಯವರ ಮನೆಯ ಮಕ್ಕಳು ಅವತ್ತಿನಿಂದಲೇ ಬರುವುದಿಲ್ಲ.

ನಿಮ್ಮಲ್ಲಿ ಹಳ್ಳಿಯಿಂದ ಬಂದವರಿಗೆ ಒಂದು ಮಾತು. ಊರಿನ ಗ್ರಾಮ ಪಂಚಾಯ್ತಿ ಗ್ರಂಥಾಲಯ ಈಗ ಅರಿವು ಕೇಂದ್ರವಾಗಿದೆ. 2019ರಿಂದ ಅದು ಗ್ರಾಮೀಣಾಭಿವೃದ್ಧಿ ಇಲಾಖೆಯ ಕೆಳಗಿದೆ. ಹಬ್ಬಕ್ಕೆ ಊರಿಗೆ ಹೋದಾಗ ಬೀಗದ ಕೈ ಯಾರ ಹತ್ತಿರವಿದೆ ಕೇಳಿ, ಒಂದು ಬೆಳಗ್ಗೆ ಮಕ್ಕಳ ಜತೆ ಕೂರಿ. ಚಾವಣಿ, ಬೆಂಚು, ಪುಸ್ತಕ ಎಲ್ಲ ಇರುವ ಜಾಗ, ಕೂರುವವರು ಬೇಕಷ್ಟೆ.

ದುಡ್ಡಿನ ವಿಷಯಕ್ಕೆ ಬರೋಣ. ಇದರಲ್ಲಿ ನಾನು ಬಹಳ ಕಟ್ಟುನಿಟ್ಟು. ಹಲವು ವರ್ಷದ ಹಿಂದೆ ಒಂದು ಸಂಘದವರು ದೂರದ ಊರಿನಿಂದ ತೊಗಲುಗೊಂಬೆಯವರನ್ನು ಕರೆಸಿದ್ದರು. ಗಂಡ, ಹೆಂಡತಿ, ಮಗ, ಜತೆಗೆ ಗೊಂಬೆಯ ಪೆಟ್ಟಿಗೆ. ಸಭಾ ಕಾರ್ಯಕ್ರಮದ ಭಾಷಣಗಳು ಮುಗಿಯುವಾಗ ಒಂಬತ್ತೂವರೆ. ಆಮೇಲೆ ಅವರಿಗೆ ಅರ್ಧ ಗಂಟೆ. ಕೊನೆಗೆ ಶಾಲು, ಹಾರ, ಹಣ್ಣಿನ ಬುಟ್ಟಿ, ಫಲಕ. ಬಸ್ ಚಾರ್ಜಿನ ಮಾತನ್ನು ಯಾರೂ ಎತ್ತಲಿಲ್ಲ. ಆ ತಾಯಿ ನನ್ನ ಹತ್ತಿರ ಬಂದು, ಈ ಫಲಕವನ್ನು ಕೊಂಡುಕೊಳ್ಳುವವರು ಯಾರಾದರೂ ಇದ್ದಾರಾ ಅಮ್ಮಾ ಎಂದು ಕೇಳಿದರು. ಅವರ ಕೈಯಲ್ಲಿ ರಾಮ, ಲಕ್ಷ್ಮಣ, ಹನುಮಂತರು ಜೀವ ತುಂಬಿಕೊಂಡು ಕುಣಿದದ್ದನ್ನು ಆಗತಾನೇ ನೋಡಿದ್ದೆ. ಆ ರಾತ್ರಿಯ ಸಿಟ್ಟು ನನಗಿನ್ನೂ ಆರಿಲ್ಲ. ನೀವು ಕಲಾವಿದರನ್ನು ಕರೆಯುವ ಮೊದಲು ಎಷ್ಟು ಕೊಡುತ್ತೇವೆ ಎಂದು ಬಾಯಿಬಿಟ್ಟು ಹೇಳಿ. ಬಂದುಹೋಗುವ ಖರ್ಚು ಬೇರೆ, ಸಂಭಾವನೆ ಬೇರೆ. ಅವರು ವಾಪಸ್ ಹೊರಡುವ ಮೊದಲೇ ಕೈಗೆ ಕೊಡಿ. ನಮ್ಮ ರಸ್ತೆಯವರೇ ಹಾಡಿದರೂ ಕೊಡಿ. ವಾಚ್‌ಮನ್‌ಗೆ ಒಂದು ಸಂಜೆ ಎಂದರೆ ಒಂದು ಸಂಜೆಯ ನಿದ್ದೆ. ಕೊಡಲು ದುಡ್ಡು ಸಾಲದಿದ್ದರೆ ಕಾರ್ಯಕ್ರಮ ಚಿಕ್ಕದು ಮಾಡಿ, ಅವರ ಪಾಲು ಚಿಕ್ಕದು ಮಾಡಬೇಡಿ. ಮನೆಮನೆಯಿಂದ ಸ್ವಲ್ಪ ಸ್ವಲ್ಪ ಎತ್ತಿದ ದುಡ್ಡಿಗೂ ಲೆಕ್ಕ ಬರೆದು ಪಾರ್ಕಿನ ನೋಟಿಸ್ ಬೋರ್ಡಿಗೆ ಅಂಟಿಸಿ, ಟೀ ಖರ್ಚಿನ ತನಕ. ಕಂಪನಿಯವರು ಪೂರ್ತಿ ದುಡ್ಡು ಕೊಡುತ್ತೇವೆ ಎಂದರೆ ಎಷ್ಟು ವರ್ಷ ಕೊಡುತ್ತೀರಿ ಎಂದು ಕೇಳಿ. ಒಂದು ವರ್ಷ ಎಂದರೆ ಆ ದುಡ್ಡಿನಲ್ಲಿ ಹಾಳಾಗದ ವಸ್ತು ಏನಾದರೂ ಕೊಳ್ಳಿ, ಚಾಪೆಯೋ, ಮಕ್ಕಳ ಪುಸ್ತಕವೋ, ಒಂದು ಜೊತೆ ತಮಟೆಯೋ. ವಾರದ ಕೆಲಸವನ್ನು ಅವರ ದುಡ್ಡಿನ ಮೇಲೆ ನಿಲ್ಲಿಸಬೇಡಿ.

ಫೋಟೊ ತೆಗೆಯುವುದನ್ನು ಬಿಡಿ ಎಂದರೆ ನೀವು ಬಿಡುವುದಿಲ್ಲ, ಗೊತ್ತು. ಮಕ್ಕಳ ಮುಖ ತೆಗೆಯುವ ಮುಂಚೆ ಅವರ ತಾಯಿಯನ್ನು ಕೇಳಿ. ಶೆಡ್ಡುಗಳ ಮುಂದೆ ಕೇಳದೆ ಫೋನ್ ಎತ್ತಲೇಬೇಡಿ.

ಮೊದಲ ತಿಂಗಳು ಜನ ಬರುವುದಿಲ್ಲ. ನಾಲ್ಕು ಮಕ್ಕಳು, ಒಂದು ನಾಯಿ, ದೂರದಲ್ಲಿ ನಿಂತು ನೋಡುವ ಒಬ್ಬ ಆಟೋದವರು. ಆ ನಾಲ್ಕು ಮಕ್ಕಳಿಗೆ ನಾನೂರು ಜನರಿಗೆ ಹೇಳಿದಷ್ಟೇ ಶ್ರದ್ಧೆಯಿಂದ ಕಥೆ ಹೇಳಿ. ದಿನ ತಪ್ಪಿಸಬೇಡಿ, ಹೊತ್ತು ತಪ್ಪಿಸಬೇಡಿ. ಒಬ್ಬರಿಗೆ ಜ್ವರ ಬಂದರೆ ಇನ್ನೊಬ್ಬರು ಹೋಗಿ. ಮಳೆ ಬಂದರೆ ನೀರಿನ ಘಟಕದ ತಗಡಿನ ಕೆಳಗೆ ನಿಂತು, ಇವತ್ತು ಕಥೆ ಇಲ್ಲ, ಮುಂದಿನ ವಾರ ಇದೆ ಎಂದು ಹೇಳುವುದಕ್ಕಾದರೂ ಹೋಗಿ.

ಕೊನೆಯದಾಗಿ ನಿಮ್ಮ ಬದುಕಿನ ಮಾತು. ನೀವು ಐದು ಜನರೂ ಇಲ್ಲೇ ಇರುವವರಲ್ಲ. ಒಬ್ಬರಿಗೆ ಪುಣೆಯಲ್ಲಿ ಕೆಲಸ ಸಿಗುತ್ತದೆ, ಒಬ್ಬರಿಗೆ ಮದುವೆಯಾಗುತ್ತದೆ, ಬಾಡಿಗೆ ಹೆಚ್ಚಾಗಿ ಒಬ್ಬರು ಮನೆ ಬದಲಿಸುತ್ತಾರೆ. ಅದಕ್ಕಾಗಿ ಬೇಜಾರು ಮಾಡಿಕೊಳ್ಳಬೇಡಿ, ಆದರೆ ಇವತ್ತೇ ತಯಾರಾಗಿ. ಅಂಗನವಾಡಿಯ ಪಕ್ಕದ ಮನೆಯ ಹುಡುಗಿ, ಈ ವರ್ಷ ಎಸ್ಸೆಸ್ಸೆಲ್ಸಿ ಮುಗಿಸಿದವಳು, ಕಳೆದ ವಾರ ನಿಮ್ಮ ಸಭೆಯಲ್ಲಿ ಹಿಂದೆ ನಿಂತಿದ್ದಳು. ನೀವು ಯಾರೂ ಅವಳನ್ನು ಕೂರು ಎನ್ನಲಿಲ್ಲ. ಅಕ್ಷರ ದುಂಡಗಿದೆ, ಲೆಕ್ಕದಲ್ಲಿ ಚುರುಕು, ಬೀದಿಯ ಎಲ್ಲ ಮನೆಗಳ ಅಮ್ಮಂದಿರೂ ಅವಳನ್ನು ಬಲ್ಲರು. ಅವಳ ತಾಯಿಯ ಹತ್ತಿರ ನಾನು ಮಾತಾಡಿದ್ದೇನೆ. ಸಂಜೆ ಆರೂವರೆಯೊಳಗೆ ಮನೆಗೆ ಕಳಿಸುವುದಾದರೆ ಬರಲಿ ಎಂದಿದ್ದಾರೆ. ಮುಂದಿನ ಸಭೆಯನ್ನು ಐದಕ್ಕೆ ಇಟ್ಟುಕೊಳ್ಳಿ, ಲೆಕ್ಕದ ಪುಸ್ತಕವನ್ನು ಅವಳ ಕೈಗೆ ಕೊಡಿ.